ಅನ್ನೇಸಮ್ಮನಿಗೆ ನಾನು ದಾಟಿಸದ ಮಾತು

ಇತ್ತೀಚೆಗೆ ಸೋಮವಾರಪೇಟೆಯಲ್ಲಿ ನನಗೊಂದು ಸನ್ಮಾನ ಮಾಡಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ತಲೆಗೆ ಹೊಂದದ ಒಂದು ಪೇಟವನ್ನೂ ಒತ್ತಿ ಕೂರಿಸಿದರು. ಎದುರಿಗೆ ನರ್ಸಿಂಗು, ಫಾರ್ಮಸಿ ಓದುವ ಹುಡುಗ ಹುಡುಗಿಯರು. ಭಾಷಣ ಮಾಡಿದ ಮಹನೀಯರು ನನ್ನನ್ನು ‘ಫ್ರೆಂಚ್ ಕಾಂಪೌಂಡರ್’ ಎಂದು ಕೊಂಡಾಡಿದರು. ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ಸಿದ್ದಾಪುರದ ಕಡೆ ಮಿಷನ್ನಿನವರ ಸಣ್ಣದೊಂದು ಔಷಧಾಲಯವಿತ್ತು. ಅಲ್ಲಿ ಫ್ರಾನ್ಸಿನಿಂದ ಬಂದ ಸಿಸ್ಟರೊಬ್ಬರಿಗೆ ನಾನು ಕಾಂಪೌಂಡರೂ ಹೌದು, ದುಭಾಷಿಯೂ ಹೌದು. ಮಹನೀಯರು ಹೇಳಿದರು: “ಆ ಪರದೇಶದ ಹೆಣ್ಣುಮಗಳಿಗೆ ನಮ್ಮ ಜನರ ಭಾಷೆ ಬರಲಿಲ್ಲ, ಮನಸ್ಸು ತಿಳಿಯಲಿಲ್ಲ. ಅದಕ್ಕೇ ಜನ ದೂರವಾದರು, ಔಷಧಾಲಯ ಮುಚ್ಚಿಹೋಯಿತು. ಅಂಥ ಕಡೆಯೂ ನಮ್ಮ ಹಿರಿಯರು ಬಡವರ ದನಿಯಾಗಿ ನಿಂತರು.”

ನಾನು ಪೇಟ ಸರಿಮಾಡಿಕೊಳ್ಳುತ್ತ ಕೂತಿದ್ದೆ.

ಕೊನೆಗೆ ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕು ಹಿಡಿದು ಬಂದಳು. “ತಾತಾ, ನಮಗೋಸ್ಕರ ಒಂದೇ ಒಂದು ಫ್ರೆಂಚ್ ಸೆಂಟೆನ್ಸ್!” ನಾನು ಒಂದು ವಾಕ್ಯ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಅದರ ಅರ್ಥವೇನೆಂದು ಒಬ್ಬರಾದರೂ ಕೇಳಲಿಲ್ಲ. ನಾಳೆ ರೋಗಿಗಳ ಮಾತು ಕೇಳುವ ಕೆಲಸಕ್ಕೆ ಹೋಗುವವರು, ಒಬ್ಬ ಮುದುಕ ಆಡಿದ ಮಾತಿನ ಅರ್ಥ ಕೇಳದೆ ಚಪ್ಪಾಳೆ ತಟ್ಟುತ್ತೀರಲ್ಲ! ನನಗೆ ಬಂದ ಕೋಪ ಮನೆಗೆ ಬಂದು ಅನ್ನ ಉಂಡರೂ ಇಳಿಯಲಿಲ್ಲ. ಅದರಲ್ಲಿ ನಿಮ್ಮ ಪಾಲು ಸಣ್ಣದು. ದೊಡ್ಡ ಪಾಲು ಯಾರದೆಂದು ಹೇಳಿಬಿಡಲು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸೋಮವಾರಪೇಟೆ ಕಡೆಯ ಒಕ್ಕಲು ಮನೆತನ. ಹೈಸ್ಕೂಲು ಮುಗಿಸಿ ಕೆಲಸ ಹುಡುಕುತ್ತಿದ್ದಾಗ, ಎಸ್ಟೇಟಿನ ಜನರ ಭಾಷೆಗಳು ಬರುವ ಒಬ್ಬ ಸಹಾಯಕ ಬೇಕೆಂದು ಕೇಳಿ ಸಿದ್ದಾಪುರಕ್ಕೆ ಹೋದೆ. ನನಗೆ ಮನೆಯ ಕನ್ನಡವಿತ್ತು, ಸಂತೆಯಲ್ಲಿ ಕಲಿತ ತಮಿಳು ಮಲಯಾಳವಿತ್ತು, ಶಾಲೆಯ ಗೆಳೆಯರಿಂದ ಬಂದ ಕೊಡವ ತಕ್ಕ್ ಇತ್ತು, ಪಾಠದ ಇಂಗ್ಲಿಷಿತ್ತು. ಸಿಸ್ಟರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಅವರ ಹೆಸರು ಆನ್ಯೆಸ್. ಎಸ್ಟೇಟ್ ಲೈನುಗಳ, ಅಂದರೆ ಆಳುಗಳ ಸಾಲುಮನೆಗಳ ಜನ ಅದನ್ನು ಅನ್ನೇಸಮ್ಮ ಮಾಡಿಕೊಂಡಿದ್ದರು. ಎತ್ತರದ ಹೆಂಗಸು, ಕೆಂಪು ಮುಖ, ಬಿಳಿ ನಿಲುವಂಗಿಯ ತೋಳನ್ನು ಮೊಣಕೈವರೆಗೆ ಮಡಚಿಯೇ ಇರುತ್ತಿದ್ದರು.

ಮೊದಲ ದಿನ ಬಂದ ರೋಗಿ ಹೊಟ್ಟೆನೋವು ಎಂದ. ನಾನು ಇಂಗ್ಲಿಷಿನಲ್ಲಿ ಹೊಟ್ಟೆನೋವು ಎಂದೆ. ಸಿಸ್ಟರ್ ಕಾಯುತ್ತ ನಿಂತರು. ನಾನೂ ನಿಂತೆ. ಆಮೇಲೆ ಅವರು ತಟ್ಟೆಯ ಮೇಲೆ ಚಿಮಟದಿಂದ ಕುಟ್ಟಿ, “ಕೊಮ್ ಕ್ವಾ?” ಎಂದರು. ಯಾವುದರ ಹಾಗೆ? ಕೊಮ್ ಎಂದರೆ ಹಾಗೆ, ಥರ. ಫ್ರೆಂಚರು ದಿನಕ್ಕೆ ಸಾವಿರ ಸಲ ಬಾಯಿಗೆ ತರುವ ಪುಟ್ಟ ಮಾತು. ಕೆಂಡ ಇಟ್ಟ ಹಾಗೋ, ಚೂರಿ ಹಾಕಿದ ಹಾಗೋ, ಇರುವೆ ಹರಿದ ಹಾಗೋ ಎಂದು ಕೈಯಲ್ಲೇ ಅಭಿನಯಿಸಿ ತೋರಿಸಿದರು. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಅವರ ಪದ್ಧತಿಯೇ ಅದು. ಎಕ್ಸರೇ ಇಲ್ಲ, ರಕ್ತಪರೀಕ್ಷೆಯಿಲ್ಲ. ಕೈ ಮುಟ್ಟಿ ನೋಡಬೇಕು, ಹೋಲಿಕೆ ಕೇಳಬೇಕು. ನೋವಿನ ಹೆಸರು ಎಲ್ಲರಿಗೂ ಒಂದೇ, ಹೋಲಿಕೆ ಮಾತ್ರ ಅವರವರದು ಎನ್ನುತ್ತಿದ್ದರು.

ನಂಬಿಕೆ ಬಂದದ್ದು ಕಕ್ಕಬೆ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜನಿಂದ.

“ಕಿವೀಲಿ ಸದ್ದು ಮಾರಾಯ” ಎಂದ.

“ಯಾವ ಥರ ಸದ್ದು ಅಜ್ಜ?”

“ಕೋವಿ ಹೊಡ್ದ ಮೇಲೆ ಕಿವೀಲಿ ಗುಂಯ್ ಅಂತ ಉಳೀತದಲ್ಲ, ಹಂಗೆ. ಆದ್ರೆ ನಾನು ಕೋವಿ ಮುಟ್ಟದೆ ಎಷ್ಟು ಕಾಲ ಆಯ್ತು!”

ನಾನು ಕೋವಿ ಹಿಡಿದಂತೆ ನಟಿಸಿ, ಕಿವಿ ಮುಚ್ಚಿ, ಗುಂಯ್ ಎಂದು ತೋರಿಸಿದೆ. ಸಿಸ್ಟರ್ ತಕ್ಷಣ, “ಕ್ವಿನೀನ್?” ಎಂದರು. ವಿಚಾರಿಸಿದರೆ ಅಜ್ಜ ಚಳಿಜ್ವರಕ್ಕೆ ಎಸ್ಟೇಟಿನವರು ಕೊಟ್ಟ ಕ್ವಿನೀನ್ ಕುಡಿಯುತ್ತಿದ್ದ, ನಮ್ಮ ಬಾಟಲಿಯದ್ದನ್ನೂ ಕುಡಿಯುತ್ತಿದ್ದ. ನಾನು ಗದರಿದೆ. “ಎರಡು ಕಡೇಲೂ ಬಿಟ್ಟಿ ಕೊಡೋವಾಗ ಒಂದು ಕಡೆಯವ್ರಿಗೆ ಬೇಜಾರು ಮಾಡೋದುಂಟಾ?” ಎಂದ. ಒಂದನ್ನು ಬಿಡಿಸಿದ ಮೇಲೆ ಸದ್ದು ನಿಂತಿತು.

ಎಲ್ಲರೂ ಅಜ್ಜನ ಹಾಗಿರಲಿಲ್ಲ. ಸಂತೆಯಲ್ಲಿ ಮೀನು ಮಾರುವ ಒಬ್ಬಾತ, “ಯಾವ ಥರ ಅಂದ್ರೆ? ನೋವು ನೋವಿನ ಥರ. ನಿಮಗೆ ಹಲ್ಲುನೋವು ಬಂದಿಲ್ವಾ? ಬರ್ಲಿ, ಆಗ ನಾನು ಕೇಳ್ತೇನೆ” ಎಂದು ಬೈದು, ಹಲ್ಲು ಕೀಳಿಸಿಕೊಂಡು ಹೋದ.

ಹೀಗೆ ಕೇಳುತ್ತ ಹೇಳುತ್ತ ನನಗೆ ಫ್ರೆಂಚಿನ ಚೂರುಪಾರು ಬಂದವು. ಹೆಚ್ಚಿನವು ಕೊಮ್ ಸೇರಿದವೇ. ಕಟ್ಟು ನೀಟಾಗಿ ಕಟ್ಟಿದರೆ ಕೊಮಿಲ್ ಫೋ, ಹೇಗಿರಬೇಕೋ ಹಾಗೆ. ರೋಗಿ ಅಷ್ಟಿಷ್ಟು ಸುಧಾರಿಸಿದ್ದರೆ ಕೊಮ್ ಸಿ ಕೊಮ್ ಸಾ, ಹಾಗೂ ಹೀಗೂ. ಯಾರಾದರೂ ತೀರಿಕೊಂಡರೆ ಸಿಸ್ಟರ್ ಕೈ ತೊಳೆಯುತ್ತ, “ಸೆ ಕೊಮ್ ಸಾ” ಎನ್ನುತ್ತಿದ್ದರು, ಇರುವುದೇ ಹೀಗೆ. ನಾನು ಸೀಸೆ ಒಡೆದಾಗಲೆಲ್ಲ, “ಸಾ ಕಾಸ್, ಸಾ ಕಾಸ್!” ಎಂದು ಕೂಗುತ್ತಿದ್ದರು, ಒಡೆಯುವುದಕ್ಕೂ ಕಿತ್ತುಹೋಗುವುದಕ್ಕೂ ಅವರಲ್ಲಿ ಅದೊಂದೇ ಮಾತು. ನಾನು ಬೇಕಾದಷ್ಟು ಸೀಸೆ ಒಡೆದಿದ್ದೇನೆ. ಇವೆಲ್ಲದರ ಜೊತೆಗೆ ಕಲಿತದ್ದು ಕೊಮ್ ದಾಬಿತ್ಯೂದ್. ಎಂದಿನ ಹಾಗೆ.

ಮಕ್ಕಳೇ, ನಮ್ಮ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ನೀವಿದನ್ನು ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಯಿರಿ, ಎಲ್ಲ ಒಂದೇ. ಒಬ್ಬ ಮನುಷ್ಯನ ಬಾಯಿಯ ಮೇಲೆ ಕೈಯಿಟ್ಟು ಮುಚ್ಚುವುದಕ್ಕೆ ಇದಕ್ಕಿಂತ ಸಭ್ಯವಾದ ಉಪಾಯವಿಲ್ಲ.

ನಾನು ಅದನ್ನು ಅಭ್ಯಾಸ ಮಾಡಿಕೊಂಡದ್ದು ಸಂತೆಯ ದಿನಗಳಲ್ಲಿ. ಆ ದಿನ ಲೈನುಗಳ ಜನ ಗುಂಪಾಗಿ ಬರುತ್ತಿದ್ದರು. ಅವರನ್ನು ಕರೆತರುತ್ತಿದ್ದವನು ಎಸ್ಟೇಟಿನ ರೈಟರ್ ದಾಮೋದರ. ಆಳುಗಳ ಹಾಜರಿ ಹಾಕುವವನು, ಎಣ್ಣೆ ಹಚ್ಚಿ ಬಾಚಿದ ತಲೆ, ಬಾಯಿ ತುಂಬ ಮಾತು. ನನಗೆ ಅವನಿಟ್ಟ ಹೆಸರು ಕೊಮ್ಮಣ್ಣ.

“ಏನ್ ಕೊಮ್ಮಣ್ಣೋರೇ, ಹೊಟ್ಟೆನೋವಿಗೂ ಉಪಮಾಲಂಕಾರ ಬೇಕಾ? ಇವ್ರು ಕವಿಗೋಷ್ಠಿಗೆ ಬಂದಿರೋದಾ? ಬೇಗ ಮುಗ್ಸಿ ಮಾರಾಯ್ರೇ, ಸಂತೆ ಆಗ್ಬೇಕು.”

ಬೆಂಚಿನ ಮೇಲಿದ್ದವರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವನು ಹೋಟೆಲಿನಿಂದ ಕಾಫಿ ತರಿಸಿ ಕೊಡುತ್ತಿದ್ದ. ಓದಿದವರಿಬ್ಬರು ಓದದವರ ನಡುವೆ ನಿಂತು ಕಾಫಿ ಕುಡಿಯುವ ಸುಖ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ವಾರ ಬಂದವರು ಮತ್ತೆ ಬಂದರೆ ನಾನು ಅವರ ಮಾತು ಮುಗಿಯುವ ಮೊದಲೇ ಸಿಸ್ಟರ್ ಕಡೆ ತಿರುಗಿ ಕೊಮ್ ದಾಬಿತ್ಯೂದ್ ಎಂದುಬಿಡತೊಡಗಿದೆ. ಸಾಲು ಚುರುಕಾಗಿ ಸರಿಯಿತು. ಮಿಷನ್ನಿನ ಹಿರಿಯ ಪಾದ್ರಿಗಳು ನೋಡಲು ಬಂದಾಗ ನನ್ನ ಚುರುಕನ್ನು ಮೆಚ್ಚಿ ಬೆನ್ನು ತಟ್ಟಿದರು. ಅಂದರೆ ಅರ್ಥ ಕೇಳದ ಚಪ್ಪಾಳೆ ನನಗೆ ಅವತ್ತೂ ಸಿಕ್ಕಿತ್ತು.

ಇನ್ನೊಂದು ಸಂಗತಿಯಿತ್ತು. ದೊಡ್ಡ ಕಾಯಿಲೆಯಾದರೆ ಮಡಿಕೇರಿಯ ಆಸ್ಪತ್ರೆಗೆ ಸಾಗಿಸಲು ಇದ್ದದ್ದು ಎಸ್ಟೇಟಿನ ಲಾರಿ ಒಂದೇ. ಸಿಸ್ಟರ್ ಹೇಳಿದರೆ ಕೊಡಲೇಬೇಕಿತ್ತು. ಹಾಗೆ ಕಳಿಸಿದ ಒಂದಿಬ್ಬರು ಅಲ್ಲಿ ಅಜೀರ್ಣದ ಔಷಧ ಕುಡಿದು ನಗುನಗುತ್ತ ವಾಪಸು ಬಂದಿದ್ದರಿಂದ ಮ್ಯಾನೇಜರು ದಾಮೋದರನಿಗೆ ಉಗಿದಿದ್ದರು. “ನಿಮ್ಮ ಅಮ್ಮಾವ್ರು ಲಾರಿ ಅಂದ್ರೆ ಜಟಕಾ ಅಂತ ತಿಳ್ಕಂಡಿದಾರಾ? ಪಿಕ್ಕಿಂಗ್ ಟೈಮು. ನೀವು ಸ್ವಲ್ಪ ನೋಡ್ಕಂಡು ಹೇಳಿ ಕೊಮ್ಮಣ್ಣೋರೇ” ಎಂದು ನನಗೆ ಸೂಚ್ಯವಾಗಿ ಹೇಳಿದ್ದ. ನೋಡಿಕೊಂಡು ಹೇಳಲು ನಾನು ಯಾರು? ಡಾಕ್ಟರೇ? ಹೈಸ್ಕೂಲು ಓದಿದ ದುಭಾಷಿ. ಆದರೂ ಹೂಂ ಎಂದೆ.

ಚಿಕ್ಕತಾಯಮ್ಮ ಎಂಬ ಹೆಂಗಸು ಪಿರಿಯಾಪಟ್ಟಣದ ಕಡೆಯವಳು. ಗಂಡ ನಿಂಗಯ್ಯನ ಜೊತೆ ಕಾಫಿ ಕೊಯ್ಲಿಗೆ ಬಂದು ಲೈನಿನಲ್ಲಿ ನೆಲೆಸಿದ್ದಳು. ಮೊದಲ ಸಲ ಹೊಟ್ಟೆ ಹಿಡಿದುಕೊಂಡು ಬಂದಾಗ ನಾನಿನ್ನೂ ಸರಿಯಾಗಿ ಕೆಲಸ ಮಾಡುತ್ತಿದ್ದೆ.

“ಹಗ್ಗ ಹೊಸ್ದಂಗೆ ಆಯ್ತದೆ ಕಣಣ್ಣ. ಯಾರೋ ಒಳಗ್ ಕುಂತ್ಕಂಡು ಹೊಸೀತಾವ್ರೆ, ಹೊಸೀತಾವ್ರೆ” ಎಂದಳು.

ಹಗ್ಗಕ್ಕೆ ಫ್ರೆಂಚಿನಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸಿಸ್ಟರನ್ನು ಹಿತ್ತಿಲ ಬಾವಿಯ ಹತ್ತಿರ ಕರೆದೊಯ್ದು ಹಗ್ಗ ಮುಟ್ಟಿ ತೋರಿಸಿದೆ. “ಆ! ಕೋರ್ದ್” ಎಂದರು. ಎರಡು ಅಂಗೈಗಳ ನಡುವೆ ಹೊಸೆದು ತೋರಿಸಿದೆ. ಅವರು ಒಳಗೆ ಹೋಗಿ ಅವಳ ಹೊಟ್ಟೆಯ ಬಲಗಡೆ ಬಹಳ ಹೊತ್ತು ಒತ್ತಿ ನೋಡಿ, ಔಷಧ ಕೊಟ್ಟು, ಈ ಹಗ್ಗದ ಮೇಲೆ ಕಣ್ಣಿಟ್ಟಿರಬೇಕು, ಬದಲಾದರೆ ಕೂಡಲೇ ತನಗೆ ಹೇಳಬೇಕು ಎಂದರು. ನನಗೇ ಹೇಳಿದರು, ಬೆರಳು ತೋರಿಸಿ. ಇದನ್ನು ನೆನಪಿಡಿ.

ಅವಳು ಆಮೇಲೆ ವಾರ ಬಿಟ್ಟು ವಾರ ಬಂದಳು. ಅದೇ ಹೊಟ್ಟೆ, ಅದೇ ಹಗ್ಗ. ದಾಮೋದರ, “ಹಗ್ಗದಮ್ಮ ಬಂದ್ಲು, ಹಗ್ಗದಮ್ಮ! ಕೆಲ್ಸ ತಪ್ಪಿಸ್ಕೊಳ್ಳೋಕೆ ಹಗ್ಗ ಸಾಕು, ಬಾವಿ ಬೇಡ” ಎಂದು ಗೇಲಿ ಮಾಡುತ್ತಿದ್ದ. ನಾನು ಕೊಮ್ ದಾಬಿತ್ಯೂದ್ ಎನ್ನುತ್ತಿದ್ದೆ.

ಆ ಸಂತೆಯ ದಿನ ಅವಳು ಸೊಂಟ ಬಗ್ಗಿಸಿ, ಗೋಡೆ ಹಿಡಿದುಕೊಂಡು ಬಂದಳು. ಮೈ ಬಿಸಿಯಿತ್ತು. ಒಳಗೆ ಸಿಸ್ಟರ್ ಅವರ ಎರಡೂ ಕೈಗಳು ಮರ ಕಡಿಯುವವನೊಬ್ಬನ ಕಾಲಿನ ಗಾಯದಲ್ಲಿದ್ದವು, ಕೊಡಲಿ ಜಾರಿತ್ತು. ಹೊರಗೆ ಬೆಂಚು ತುಂಬಿತ್ತು.

“ಏನಮ್ಮಾ, ಅದೇ ಹಗ್ಗ ತಾನೆ?” ಎಂದೆ.

“ಇಲ್ಲ ಕಣಣ್ಣ. ಬೆಳಗ್ಗೆ ಗಂಟ ಹಂಗೇ ಹೊಸೀತಿತ್ತು. ದಾರೀಲಿ ಬರ್ತಾ ಪಟ್ ಅಂತ ಹಗ್ಗ ಕಿತ್ತೋದಂಗಾಯ್ತು. ಈಗ ನೋವೇ ಇಲ್ಲ. ಹೊಟ್ಟೆ ನಂದಲ್ಲವೇನೋ ಅನ್ನಂಗದೆ. ಅಮ್ಮಾರ್ಗೆ ಹೇಳಣ್ಣ.”

“ನೋವಿಲ್ಲ ಅಂದ್ಮೇಲೆ ಇಲ್ಲಿಗ್ಯಾಕ್ ಬಂದೆ ತಾಯಿ, ಫ್ರೆಂಚ್ ಕಲಿಯೋಕಾ?” ಎಂದ ದಾಮೋದರ. ಬೆಂಚು ನಕ್ಕಿತು. ನಾನು ನಕ್ಕೆ. ಅವಳೂ ನಗಲು ನೋಡಿದಳು.

ಒಳಗಿನಿಂದ ಸಿಸ್ಟರ್ ತಲೆಯೆತ್ತದೆ, “ಕೊಮ್ ಕ್ವಾ?” ಎಂದು ಕೂಗಿದರು. ಕೇಳಿದರು, ಅವರು ಕೇಳಿದರು! ನಾನು ಬಾಗಿಲಲ್ಲಿ ನಿಂತು ಕೊಮ್ ದಾಬಿತ್ಯೂದ್ ಎಂದೆ. ಅವರು ಒಂದು ಕ್ಷಣ ಸೂಜಿ ನಿಲ್ಲಿಸಿ ಮತ್ತೆ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿ, ಸ್ವಲ್ಪ ವಾಸಿ ಎಂದೂ ಸೇರಿಸಿದೆ. ನನ್ನ ಮಾತು ನಂಬಿ ಎಂದಿನ ಔಷಧ ಕೊಡೆಂದು ಕೈಸನ್ನೆ ಮಾಡಿದರು. ಅಳೆದು ಸೀಸೆಗೆ ಹಾಕಿಕೊಟ್ಟವನು ನಾನೇ.

ಹೊಟ್ಟೆಯ ಒಳಗೆ ಕೀವು ಕಟ್ಟಿದ ಕರುಳಿನ ಬಾಲ, ನೀವು ಅಪೆಂಡಿಕ್ಸ್ ಎನ್ನುವುದು, ಒಡೆದರೆ ನೋವು ಸ್ವಲ್ಪ ಹೊತ್ತು ಹೀಗೇ ಇಳಿಯುತ್ತದಂತೆ. ವಾಸಿಯಾದಂತೆ ಕಾಣುವ ಆ ಹೊತ್ತಿನಲ್ಲೇ ವಿಷ ಹರಡುತ್ತದಂತೆ. ನನಗೆ ಗೊತ್ತಿರಲಿಲ್ಲ. ಸಿಸ್ಟರಿಗೆ ಗೊತ್ತಿತ್ತು. ಗೊತ್ತಿದ್ದವರಿಗೆ ಮಾತು ಮುಟ್ಟಿಸುವುದಷ್ಟೇ ನನ್ನ ಕೆಲಸವಾಗಿತ್ತು.

ಮಾರನೆಯ ದಿನ ಅವಳನ್ನು ಹೊತ್ತು ಲೈನಿನಿಂದಲೇ ಲಾರಿ ಹೊರಟಿತು. ಮಡಿಕೇರಿ ಮುಟ್ಟುವ ಮೊದಲೇ ದಾರಿಯಲ್ಲಿ ಅವಳು ಹೋದಳು.

ಇಷ್ಟೇ ಆಗಿದ್ದರೆ ಇದನ್ನು ತಪ್ಪು ಎನ್ನಬಹುದಿತ್ತು. ಅವಸರ, ಅಜ್ಞಾನ, ಜನಸಂದಣಿ ಎಂದು ಹೇಳಿ ನೀವೂ ನನ್ನನ್ನು ಕ್ಷಮಿಸುತ್ತಿದ್ದಿರಿ. ಕ್ಷಮಿಸಬೇಡಿ, ಮುಂದೆ ಕೇಳಿ.

ಮಣ್ಣು ಮಾಡಿ ಬಂದ ನಿಂಗಯ್ಯ ನೇರ ಔಷಧಾಲಯಕ್ಕೆ ಬಂದ. ಹಿಂದೆ ಲೈನಿನ ಹತ್ತಾರು ಜನ. ಸಿಸ್ಟರ್ ಹೊರಗೆ ಬಂದು ನಿಂತರು. ಅವನು ನನ್ನ ಕಡೆ ನೋಡಲೇ ಇಲ್ಲ, ಅವರ ಮುಖ ನೋಡಿಯೇ ಹೇಳಿದ.

“ಹಗ್ಗ ಕಿತ್ತೋದಂಗಾಯ್ತು ಅಂತ ಅವ್ಳು ಹೇಳಿದ್ಲಂತಲ್ಲ ತಾಯಿ. ಅಷ್ಟು ಹೇಳುದ್ರೂ ಯಾಕೆ ಕಳ್ಸುದ್ರಿ? ನಿಮ್ಗೆ ಎಲ್ಲಾ ಗೊತ್ತಾಯ್ತದೆ ಅಂತ ತಾನೆ ಅವ್ಳು ನಡ್ಕಂಡ್ ಬಂದಿದ್ದು?”

ಸಿಸ್ಟರ್ ನನ್ನ ಕಡೆ ತಿರುಗಿದರು. ಏನು ಹೇಳುತ್ತಿದ್ದಾನೆ?

ಇವನ ಮಾತನ್ನು ದಾಟಿಸಿದರೆ ಸಂತೆಯ ದಿನದ ಅವಳ ಮಾತೂ ದಾಟಬೇಕು. ದಾಟಿದರೆ ನನ್ನ ಕೆಲಸ ಹೋಗುತ್ತದೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. “ಅಳುತ್ತಿದ್ದಾನೆ, ನೀವು ಇಷ್ಟು ದಿನ ನೋಡಿಕೊಂಡಿರಿ ಎನ್ನುತ್ತಿದ್ದಾನೆ” ಎಂದೆ. ಸಿಸ್ಟರ್ ಕಣ್ಣು ತುಂಬಿ, ತಮಗೆ ಬಹಳ ದುಃಖವಾಗಿದೆ, ಕೊನೆಯಲ್ಲಿ ಅವಳಿಗೆ ಏನಾಯಿತೆಂದು ಅವನನ್ನೇ ಕೇಳು ಎಂದರು. ನಾನು ನಿಂಗಯ್ಯನ ಕಡೆ ತಿರುಗಿ, ಅವರ ದನಿಯಷ್ಟೇ ಮೆತ್ತಗಿನ ದನಿಯಲ್ಲಿ, “ದೇವರ ಇಚ್ಛೆ ಅಂತಾರೆ ಸಿಸ್ಟರ್” ಎಂದೆ.

ನಿಂಗಯ್ಯ “ಹಂಗಾ ತಾಯಿ” ಎಂದ. ಹೊರಟುಹೋದ.

ಮಹನೀಯರೇ, ನಾನು ಬಡವರ ದನಿಯಾಗಿ ನಿಂತದ್ದು ಹೀಗೆ.

ಲೈನಿನಿಂದ ಲೈನಿಗೆ ಮಾತು ಹಬ್ಬಿತು: ಅನ್ನೇಸಮ್ಮ ಗೊತ್ತಿದ್ದೂ ಕಳಿಸಿದಳು, ಕೇಳಿದರೆ ದೇವರ ಮೇಲೆ ಹಾಕಿದಳು. ಮೊದಲು ಪಿರಿಯಾಪಟ್ಟಣದ ಕಡೆಯವರು ಬರುವುದನ್ನು ಬಿಟ್ಟರು, ಆಮೇಲೆ ತಮಿಳರು, ಆಮೇಲೆ ಉಳಿದವರು. ಸಂತೆಯ ದಿನವೂ ಬೆಂಚಿನ ಮೇಲೆ ಒಂದು ನಾಯಿ ಮಲಗುತ್ತಿತ್ತು. ಸಿಸ್ಟರ್ ಬಾಗಿಲಿಗೆ ಬಂದು ರಸ್ತೆ ನೋಡುತ್ತಿದ್ದರು. ಸಾಕಾಗದೆ ನನ್ನಿಂದ ಕನ್ನಡ ಹೇಳಿಸಿಕೊಂಡು, ‘ಯಾವ ಥರ ನೋವು’ ಎಂದು ತಾವೇ ಉರುಹೊಡೆದು ಲೈನುಗಳಿಗೆ ನಡೆದುಹೋದರು. ಹೆಂಗಸರು ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾನು ಅವರ ಚೀಲ ಹೊತ್ತು ಪಕ್ಕದಲ್ಲಿದ್ದೆ. ದಾಮೋದರನಿಗೆ ಮಾತ್ರ ನಡೆದದ್ದು ಗೊತ್ತಿತ್ತು. “ನೀವು ಯಾಕೆ ತಲೆ ಕೆಡಿಸ್ಕೊಳ್ತೀರಿ? ಪರದೇಶದವ್ರು, ಇವತ್ತಲ್ಲ ನಾಳೆ ಹೋಗೋರೇ” ಎಂದು ಕಾಫಿ ತರಿಸಿದ. ಕುಡಿದೆ.

ಮಿಷನ್ನಿನವರು ಅವರನ್ನು ಹಿಂದಕ್ಕೆ ಕರೆಸಿಕೊಂಡರು. ವಿರಾಜಪೇಟೆಗೆ ಹೋಗುವ ಬಸ್ಸಿಗಾಗಿ ರಸ್ತೆ ಬದಿಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದರು. ಕಳಿಸಲು ಹೋದವನು ನಾನೊಬ್ಬನೇ. ಜನ ಯಾಕೆ ಬಿಟ್ಟರು, ನಿಜ ಹೇಳು ಎಂದು ಕೇಳಿದರು. ಈಗಾದರೂ ಹೇಳಬಹುದಿತ್ತು. ಹೇಳಿದರೆ ಹೋಗಲಿಕ್ಕೆ ಕೆಲಸವೂ ಉಳಿದಿರಲಿಲ್ಲ. ನಾನು, “ಸೆ ಕೊಮ್ ಸಾ” ಎಂದೆ. ಸಾವಿಗೆ ಅವರು ಆಡುತ್ತಿದ್ದ ಮಾತು. ಅವರು ತಮ್ಮ ತುಟಿಯ ಮೇಲೆ ಬೆರಳಿಟ್ಟು, ತಪ್ಪು ಇದರದು, ನನಗೆ ನಿಮ್ಮ ಮಾತು ಬರಲಿಲ್ಲ ಎಂದರು. ಬಸ್ಸು ಬಂತು.

ಅವರು ಆವತ್ತು ತಮ್ಮ ಮೇಲೆ ಹಾಕಿಕೊಂಡ ಆ ತಪ್ಪನ್ನೇ ಮೊನ್ನೆ ವೇದಿಕೆಯ ಮೇಲೆ ಇನ್ನೊಮ್ಮೆ ಓದಿದರು. ಅದು ಮಹನೀಯರಿಗೆ ಎಲ್ಲಿಂದ ಬಂತು? ನನ್ನಿಂದಲೇ. ಔಷಧಾಲಯ ಯಾಕೆ ಮುಚ್ಚಿತು ಎಂದು ಕೇಳಿದವರಿಗೆಲ್ಲ ಜೀವಮಾನವಿಡೀ ನಾನು ಹಾಗೇ ಹೇಳಿಕೊಂಡು ಬಂದೆ.

ಆಮೇಲೆ ಕೊಡಗು ಮೈಸೂರಿಗೆ ಸೇರಿತು, ನನಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಾನು ಯಾವ ಥರ ನೋವು ಎಂದು ಎಲ್ಲರನ್ನೂ ಕೇಳುತ್ತಿದ್ದೆ. ಒಬ್ಬ ಡಾಕ್ಟರು, “ಕಾಂಪೌಂಡ್ರೇ, ಕಥೆ ಬೇಡ, ಎಲ್ಲಿ ನೋವು ಹೇಳಿ ಸಾಕು” ಎಂದು ಸಿಡುಕುತ್ತಿದ್ದರು. ಈಗ ನೀವು ಹತ್ತರಲ್ಲಿ ಎಷ್ಟು ನೋವು ಎಂದು ಕೇಳುತ್ತೀರಿ. ಹೋದ ವರ್ಷ ನನ್ನನ್ನೂ ಒಬ್ಬಳು ಕೇಳಿದಳು. ಚಿಕ್ಕತಾಯಮ್ಮ ಆ ದಿನ ಏನು ಹೇಳುತ್ತಿದ್ದಳು? ಸೊನ್ನೆ ಎನ್ನುತ್ತಿದ್ದಳು. ನೀವು ಸೊನ್ನೆ ಬರೆದು ಮನೆಗೆ ಕಳಿಸುತ್ತಿದ್ದಿರಿ. ನನಗೂ ನಿಮಗೂ ಆಗ ಏನು ವ್ಯತ್ಯಾಸ?

ಸಭೆಯಲ್ಲಿ ನಾನು ಹೇಳಿದ ವಾಕ್ಯ ಇದು: ಕೊಮ್ ಯೂನ್ ಕೋರ್ದ್ ಕಿ ಕಾಸ್. ಹಗ್ಗ ಕಿತ್ತುಹೋದ ಹಾಗೆ. ಕೋರ್ದ್ ಎಂಬುದನ್ನು ಸಿಸ್ಟರ್ ಬಾವಿಯ ಹತ್ತಿರ ಕಲಿಸಿದ್ದರು, ಅದೂ ಚಿಕ್ಕತಾಯಮ್ಮನಿಗಾಗಿಯೇ. ಕಾಸ್ ಎಂಬುದು ಸೀಸೆ ಒಡೆದಾಗಲೆಲ್ಲ ಕೇಳಿದ್ದು. ಕೊಮ್ ಮೊದಲ ದಿನವೇ ಬಂದಿತ್ತು. ಸಿಸ್ಟರಿಗೆ ಕನ್ನಡ ಬರದಿದ್ದುದರಿಂದ ಚಿಕ್ಕತಾಯಮ್ಮ ಸಾಯಲಿಲ್ಲ. ನನಗೆ ಆ ದಿನ ಅಷ್ಟು ಫ್ರೆಂಚ್ ಬರುತ್ತಿತ್ತು.